ಅರ್ಧಕ್ಕೆ ನಿಂತ ಲುವಾಂಟಿ ಕನ್ನಡ ಅನುವಾದ, ಮತ್ತೆ ಶುರು ಮಾಡೋಣವೇ?

ಬ್ಲಾಕ್‌ಬಸವ:
ಲುವಾಂಟಿ ಗೊತ್ತಲ್ವಾ? 2024ರವರೆಗೆ ಮೈನ್‌ಟೆಸ್ಟ್ ಅಂತ ಇತ್ತಲ್ಲ, ಅದೇ. ಬ್ಲಾಕ್ ಅಗೆದು ಮನೆ ಕಟ್ಟೋ ಕಂಪ್ಯೂಟರ್ ಆಟ, ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ವೆಬ್‌ಲೇಟ್ ಅನ್ನೋ ಅನುವಾದದ ವೆಬ್‌ಸೈಟ್‌ನಲ್ಲಿ ಅದರ ಕನ್ನಡ ಅನುವಾದ ಯಾರೋ ಶುರು ಮಾಡಿ ಬಿಟ್ಟಿದ್ದಾರೆ. ಮೆನುವಿನ ಒಂದಿಷ್ಟು ಸಾಲು ಆಗಿವೆ, ಮಿಕ್ಕಿದ್ದು ಬರೀ ಇಂಗ್ಲಿಷ್. ಕನ್ನಡ ಮೀಡಿಯಂ ಮಕ್ಕಳಿಗೆ ಇದು ಸಿಗಬೇಕು ಅಂತ ನನ್ನಾಸೆ. ಆದರೆ ಒಬ್ಬನೇ ಕೂತರೆ ನಾನೂ ಹಾಗೇ ಬಿಟ್ಟು ಎದ್ದುಬಿಡ್ತೀನೇನೋ. ಜನ ಸೇರಿಸೋದು ಹೇಗೆ? ಹಳೆಯದನ್ನು ಅಳಿಸಿ ಮೊದಲಿಂದ ಮಾಡೋದಾ?

ಕೆಳಗಿನೊತ್ತು:
ಜನ ಆಮೇಲೆ. ಮೊದಲು ಅದು ಯಾಕೆ ನಿಂತಿತು ನೋಡಿ. ಲುವಾಂಟಿಯ ಸಿಮೇಕ್ ಫೈಲ್ (ಕೋಡ್‌ನಿಂದ ಆಟ ತಯಾರಿಸುವ ಸೂಚನೆಗಳಿರುವ ಫೈಲ್) ತೆರೆದರೆ ತಡೆಹಿಡಿದ ಭಾಷೆಗಳ ಪಟ್ಟಿ ಕಾಣುತ್ತದೆ. ನಾನು ನೋಡಿದ 5.x ಆವೃತ್ತಿಗಳಲ್ಲಿ ಅರೇಬಿಕ್, ಹಿಂದಿ, ಥಾಯ್ ಜೊತೆ ಕನ್ನಡವೂ ಅದರಲ್ಲಿತ್ತು. ಅಂದರೆ ಪೂರ್ತಿ ಅನುವಾದ ಮಾಡಿದರೂ ಆಟದ ಭಾಷೆ ಪಟ್ಟಿಯಲ್ಲಿ ಕನ್ನಡ ಬರೋದೇ ಇಲ್ಲ.

ಕಾರಣ ಅಕ್ಷರ ಜೋಡಣೆ. ಯೂನಿಕೋಡ್‌ನಲ್ಲಿ "ಉತ್ತರ" ಅಂದರೆ ಉ, ತ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ರ ಅಂತ ಸಾಲಾಗಿ ಇರುತ್ತದೆ. ಆ ಎರಡನೇ ತ-ವನ್ನು ಒತ್ತಾಗಿ ಕೆಳಗೆ ಕೂರಿಸೋದು ಹಾರ್ಫ್‌ಬಜ್ ತರಹದ ಅಕ್ಷರ ಜೋಡಿಸುವ ಲೈಬ್ರರಿಯ ಕೆಲಸ. ಲುವಾಂಟಿ ಅದನ್ನು ಬಳಸದೆ ಫ್ರೀಟೈಪ್ ಅನ್ನೋ ಫಾಂಟ್ ಲೈಬ್ರರಿಯಿಂದ ಒಂದೊಂದೇ ಅಕ್ಷರ ಬರೆಯುತ್ತದೆ, ಹಾಗಾಗಿ ಒತ್ತು, ಗುಣಿತ ಎಲ್ಲ ಬಿಡಿಬಿಡಿ. ಫಾಂಟ್ ಬದಲಾಯಿಸಿ ಅಂತ ಯಾರಾದರೂ ಹೇಳ್ತಾರೆ, ನೋಟೋ ಹಾಕಿ, ಗುಬ್ಬಿ ಹಾಕಿ, ಏನೂ ಆಗಲ್ಲ. ನಿಮಗೆ ಬೇಕಿರೋದು ಅನುವಾದಕರಿಗಿಂತ ಮೊದಲು ಸಿ++ ಬರೆಯುವ ಒಬ್ಬರು. ಹಿಂದಿ, ಥಾಯ್‌ನವರಿಗೂ ಇದೇ ತಲೆನೋವು, ಅವರ ಜೊತೆ ಸೇರಿದರೆ ಬೇಗ ಆದೀತು.

ಸುಮ್ನೆಓದುವೆ:
ಅಯ್ಯೋ. ಹಾಗಾದ್ರೆ ಅಷ್ಟು ಸಾಲು ಮಾಡಿದವರಿಗೆ ಇದು ಮೊದಲೇ ಯಾರೂ ಹೇಳಲಿಲ್ವಾ?

ಪಿಒಪಾಟೀಲ:
ಹಳೆಯದನ್ನು ಮಾತ್ರ ಅಳಿಸಬೇಡಿ. ಮೂಲ ಇಂಗ್ಲಿಷ್ ಸಾಲು ಬದಲಾದಾಗ ಅದರ ಅನುವಾದಕ್ಕೆ ಫಜಿ, ಅಂದರೆ ಮತ್ತೆ ನೋಡಬೇಕು ಅನ್ನೋ ಗುರುತು ಬೀಳುತ್ತದೆ. ಫಜಿ ಇದ್ದದ್ದು ಆಟದಲ್ಲಿ ಕಾಣಲ್ಲ, ಇಂಗ್ಲಿಷೇ ಬರುತ್ತದೆ. ಎಷ್ಟೋ ಸಲ ಒಂದು ಪದ ತಿದ್ದಿದರೆ ಆ ಸಾಲು ವಾಪಸ್ ಬಂತು. ಹೊಸಬರಿಗೆ ಮೊದಲು ಈ ಕೆಲಸ ಕೊಡಿ, ಒಂದೇ ಸಂಜೆಗೆ ಫಲ ಕಾಣುತ್ತದೆ.

ಇನ್ನೊಂದು. ಆ ಪಿಒ ಫೈಲ್‌ನಲ್ಲಿ (ಅನುವಾದದ ಸಾಲುಗಳಿರುವ ಫೈಲ್) ಬಹುಪಾಲು ಸೆಟ್ಟಿಂಗ್ಸ್‌ನ ಉದ್ದುದ್ದ ವಿವರಣೆಗಳು, ನೆರಳು, ಶೇಡರ್, ಸರ್ವರ್ ಪೋರ್ಟ್, ಅದೂ ಇದೂ. ಮಕ್ಕಳು ಅದನ್ನು ಓದೋದೇ ಇಲ್ಲ. ಶೇಕಡಾವಾರು ಏರಿಸುವ ಹಟಕ್ಕೆ ಬಿದ್ದು ಅಲ್ಲಿಗೆ ಹೋದವರು ಸುಸ್ತಾಗಿ ಓಡಿಹೋಗ್ತಾರೆ. ಅದನ್ನು ಕೊನೆಗೆ ಇಡಿ. ಕಲ್ಲು, ಮರ, ಗುದ್ದಲಿ ಅನ್ನೋ ಹೆಸರುಗಳಂತೂ ಎಂಜಿನ್, ಅಂದರೆ ಗೇಮ್‌ಗಳನ್ನು ಓಡಿಸುವ ಮೂಲ ಲುವಾಂಟಿಯ ಫೈಲ್‌ನಲ್ಲಿಲ್ಲ, ಅದರಲ್ಲಿ ಓಡುವ ಆಯಾ ಗೇಮ್‌ನ ಲೊಕೇಲ್ (ಅನುವಾದದ) ಫೋಲ್ಡರ್‌ನಲ್ಲಿವೆ. ಮತ್ತೆ $1, %s (ಆಟ ಓಡುವಾಗ ಹೆಸರು, ಸಂಖ್ಯೆ ಬಂದು ಕೂರುವ ಜಾಗ) ಇದ್ದರೆ ಹಾಗೇ ಬಿಡಿ, ವಾಕ್ಯದಲ್ಲಿ ಜಾಗ ಮಾತ್ರ ಬದಲಿಸಬಹುದು. ಒಂದಕ್ಕಿಂತ ಹೆಚ್ಚು %s ಇದ್ದರೆ ಅವುಗಳ ಕ್ರಮ ಬದಲಿಸಬೇಡಿ.

ಗುಂಪಿನ ವಿಷಯ: ಐವತ್ತು ಜನರ ವಾಟ್ಸಾಪ್ ಗುಂಪು ಮಾಡಿದರೆ ಗುಡ್ ಮಾರ್ನಿಂಗ್ ಹೂವು ಬರುತ್ತವೆ ಅಷ್ಟೇ. ನಾಲ್ಕು ಜನ ಸಾಕು, ಆದರೆ ಒಬ್ಬರು ಬರೀ ಪರಿಶೀಲನೆ ಮಾಡಬೇಕು. ಕಳಿಸಿದ ಸಲಹೆಗೆ ವಾರಗಟ್ಟಲೆ ಹೌದು ಅಲ್ಲ ಏನೂ ಬರದಿದ್ದರೆ ಯಾರು ತಾನೇ ಮತ್ತೆ ಬರ್ತಾರೆ? ನನ್ನ ಪ್ರಕಾರ ಇಂಥವು ಸಾಯೋದು ಇಲ್ಲೇ.

ಕೆಳಗಿನೊತ್ತು:
ಪಾಟೀಲರು ಹೇಳಿದ್ದು ಸರಿ, ಆದರೆ ಪರದೆ ಮೇಲೆ ಕಾಣದ ಕೆಲಸಕ್ಕೆ ನಾಲ್ಕು ಜನ ಕೂಡ ನಿಲ್ಲಲ್ಲ ಅಂತ ನನ್ನ ಅನುಮಾನ. ಅಲ್ಲಿವರೆಗೆ ವೆಸ್ನಾತ್ ಅನ್ನೋ ಇನ್ನೊಂದು ಉಚಿತ ಯುದ್ಧತಂತ್ರದ ಆಟ ನೋಡಬಹುದಲ್ವಾ? ಅದು ಅಕ್ಷರ ಜೋಡಿಸಿ ತೋರಿಸುವ ಪ್ಯಾಂಗೋ ಲೈಬ್ರರಿ ಬಳಸುತ್ತದೆ, ಒತ್ತಕ್ಷರದ ಕಾಟ ಇಲ್ಲ. ಪ್ರತಿ ಕಥೆಗೂ ಬೇರೆ ಪಿಒ ಫೈಲ್, ಕಲಿಕೆಯ ಭಾಗವೂ ಪ್ರತ್ಯೇಕ, ಹಂಚಿಕೊಳ್ಳೋದು ಸುಲಭ.

ಬ್ಲಾಕ್‌ಬಸವ:
ಪಟ್ಟಿ ನೋಡಿದೆ, ಕನ್ನಡ ಅಲ್ಲೇ ಕೂತಿದೆ. ವೆಸ್ನಾತ್ ಒಳ್ಳೇದೇ, ಆದರೆ ನಮ್ಮ ಮಕ್ಕಳಿಗೆ ಬ್ಲಾಕೇ ಬೇಕು. ಹಾಗಾಗಿ ಫಜಿ ಸಾಲುಗಳನ್ನು ನಾನು ಹಿಡೀತೀನಿ. ಪರಿಶೀಲನೆ ಪಾಟೀಲರೇ ಮಾಡ್ತೀರಾ? ಸಿ++ ಬರೋರು ಯಾರಾದ್ರೂ ಇದ್ದರೆ ಇಲ್ಲೇ ಹೇಳಿ, ಅಕ್ಷರ ಜೋಡಣೆ ಬಗ್ಗೆ ಲುವಾಂಟಿಯ ಕೋಡ್ ಇರುವ ಗಿಟ್‌ಹಬ್‌ನಲ್ಲಿ ಈಗಾಗಲೇ ಆಗಿರುವ ಚರ್ಚೆ ಹುಡುಕಿ ಲಿಂಕ್ ಹಾಕ್ತೀನಿ.

ಪಿಒಪಾಟೀಲ:
ಮಾಡ್ತೀನಿ. ಆದರೆ ಭಾನುವಾರ ಮಾತ್ರ, ಮತ್ತೆ ಒಂದೇ ಸಲ ಇನ್ನೂರು ಸಾಲು ತಂದು ಸುರಿಯಬೇಡಿ ಮಾರಾಯ್ರೇ.