ಮಗನಿಗೆ ‘ಆರ್‌ಬಿಐ ಬೇಸ್‌ಬಾಲ್’ ಬೇಕಂತೆ, ಹಳೇ ಎನ್‌ಇಎಸ್ ತಗೊಂಡವರು ಅನುಭವ ಹೇಳಿ

ಎಡಿಸನ್_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಹತ್ತು ವರ್ಷ, ಲಿಟಲ್ ಲೀಗ್‌ನಲ್ಲಿ (ಮಕ್ಕಳ ಬೇಸ್‌ಬಾಲ್) ಆಡುತ್ತಾನೆ. ಹೋದ ವಾರ ಕೋಚ್ ಮನೆಯಲ್ಲಿ ಹಳೇ ನಿಂಟೆಂಡೊ ಎನ್‌ಇಎಸ್ (ಟಿವಿಗೆ ಹಾಕುವ ಗೇಮ್ ಯಂತ್ರ) ಮೇಲೆ ‘ಆರ್‌ಬಿಐ ಬೇಸ್‌ಬಾಲ್’ ಅನ್ನುವ ಆಟ ಆಡಿ ಬಂದ. ಆವತ್ತಿನಿಂದ ಮನೆಯಲ್ಲಿ ಅದೇ ಮಾತು. ಹುಟ್ಟುಹಬ್ಬಕ್ಕೆ ಮೂರು ವಾರ ಇದೆ. ಎಲ್ಲ ಸೇರಿ 150 ಡಾಲರ್ ಒಳಗೆ ಆಗಬೇಕು. ಟಿವಿ ಹೊಸದು, 55 ಇಂಚು. ನನಗೆ ಸೋಲ್ಡರಿಂಗ್ (ಬೆಸುಗೆ) ಬರುವುದಿಲ್ಲ. ಏನು ತಗೊಳ್ಳಲಿ?

ಸನಿವೇಲ್_ಮಂಡ್ಯ

ಅಕ್ಕ, ಬೇಸ್‌ಬಾಲ್ ಆಟ ಅಂದರೆ 1989ರ ‘ಬೇಸ್‌ಬಾಲ್ ಸ್ಟಾರ್ಸ್’. ಎಸ್‌ಎನ್‌ಕೆಯವರದು. ನಾನು ಅದಕ್ಕಾಗಿಯೇ ಎನ್‌ಇಎಸ್ ತಗೊಂಡೆ. ಖರ್ಚು ಬರೆದಿಟ್ಟಿದ್ದೇನೆ. ಕನ್ಸೋಲ್ (ಯಂತ್ರ) 85, ಆಟ 24, ಕಾರ್ಟ್ರಿಜ್ (ಆಟ ಇರುವ ಡಬ್ಬಿ) ಕೂರುವ 72 ಪಿನ್ ಕನೆಕ್ಟರ್ 12, ಕಾರ್ಟ್ರಿಜ್ ಬಿಚ್ಚುವ 3.8 ಮಿಮೀ ಬಿಟ್ 7, ಸೋಲ್ಡರಿಂಗ್ ಕಡ್ಡಿ 26. ಒಟ್ಟು 154.

ಈ ಆಟದಲ್ಲಿ ನಮ್ಮದೇ ತಂಡ ಕಟ್ಟಬಹುದು. ಪಂದ್ಯ ಗೆದ್ದರೆ ದುಡ್ಡು ಬರುತ್ತದೆ, ಅದರಲ್ಲಿ ಆಟಗಾರರ ಬಲ ಹೆಚ್ಚಿಸಬಹುದು. ಹೆಣ್ಣುಮಕ್ಕಳ ತಂಡವನ್ನೂ ಮಾಡಬಹುದು. ಮಗಳು ಮನೆಯ ಹೆಂಗಸರನ್ನೆಲ್ಲ ಸೇರಿಸಿದಳು. ಹೆಸರಿಗೆ ಜಾಗ ಕಮ್ಮಿ, ಹಾಗಾಗಿ ನಮ್ಮಮ್ಮ ಗೌರಮ್ಮ ಬರೀ ‘ಗೌರ’ ಆದರು. ಅವರೇ ಪಿಚರ್, ಅಂದರೆ ಚೆಂಡು ಎಸೆಯುವವರು. ಮಂಡ್ಯದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ‘ಇವತ್ತು ನಾನು ಗೆದ್ದೆನಾ?’ ಅಂತ ಕೇಳುತ್ತಿದ್ದರು.

ನಾಲ್ಕು ತಿಂಗಳು ಆಡಿದೆವು. ಒಂದು ಶನಿವಾರ ಬೆಳಿಗ್ಗೆ ಸ್ವಿಚ್ ಹಾಕಿದರೆ ತಂಡವೇ ಇಲ್ಲ. ಒಳಗಿನ ಬ್ಯಾಟರಿ ಸತ್ತಿತ್ತು. ಸಿಆರ್2032, ನಾಣ್ಯದ ಥರದ್ದು. ಅದನ್ನು ಬೋರ್ಡ್‌ಗೆ ತಗಡಿನ ಪಟ್ಟಿ ಇಟ್ಟು ಸೋಲ್ಡರ್ ಮಾಡಿರುತ್ತಾರೆ. ಹಳೆಯದನ್ನು ಕೀಳುವಾಗ ಕಡ್ಡಿ ಜಾಸ್ತಿ ಹೊತ್ತು ಹಿಡಿದೆ, ಬೋರ್ಡಿನ ತಾಮ್ರದ ಸುತ್ತು ಪಟ್ಟಿಯ ಜೊತೆಗೇ ಎದ್ದು ಬಂತು. ಕೂದಲೆಳೆಯಂಥ ತಂತಿ ಹಾಕಿ ಸರಿ ಮಾಡಲು ಎರಡು ರಾತ್ರಿ ಬೇಕಾಯಿತು. ಮಗಳು ಗೌರಮ್ಮನನ್ನು ಮತ್ತೆ ಮೊದಲಿನಿಂದ ಬೆಳೆಸಿದಳು. ಇಷ್ಟಾದರೂ ಇದೇ ಆಟ ತಗೊಳ್ಳಿ ಅನ್ನುತ್ತೇನೆ.

ಡಲ್ಲಾಸ್_ದಾವಣಗೆರೆ

ಅವರು ಕೇಳಿದ್ದು ಆರ್‌ಬಿಐ. ನೀವು ಹೇಳಿದ್ದು ಇನ್ನೊಂದು. ಸೋಲ್ಡರಿಂಗ್ ಬರುವುದಿಲ್ಲ ಅಂತ ಬೇರೆ ಬರೆದಿದ್ದಾರೆ, ಓದಿದಿರಾ?

ಆರ್‌ಬಿಐನಲ್ಲಿ ಬ್ಯಾಟರಿ ಇಲ್ಲ, ಸೇವ್ ಇಲ್ಲ, ಹೋಗುವುದಕ್ಕೆ ಏನೂ ಇಲ್ಲ. ಹಾಕಿ, ಆಡಿ. ಹತ್ತು ರನ್ ಮುಂದೆ ಹೋದರೆ ಪಂದ್ಯ ಮುಗಿಯಿತು. ಮೇಜರ್ ಲೀಗ್ (ಇಲ್ಲಿನ ದೊಡ್ಡ ಬೇಸ್‌ಬಾಲ್ ಲೀಗ್) ಆಟಗಾರರ ಸಂಘದ ಒಪ್ಪಿಗೆ ಇತ್ತು, ಅದಕ್ಕೆ ನಿಜವಾದ ಆಟಗಾರರ ಹೆಸರುಗಳೇ ಇವೆ. ಲೀಗ್‌ನ ಒಪ್ಪಿಗೆ ಇರಲಿಲ್ಲ, ಅದಕ್ಕೆ ತಂಡಗಳಿಗೆ ಊರಿನ ಹೆಸರು ಮಾತ್ರ. 1986 ಮತ್ತು 87ರಲ್ಲಿ ಪ್ಲೇಆಫ್‌ಗೆ ಬಂದ ಎಂಟು ತಂಡ, ಜೊತೆಗೆ ಎರಡು ಆಲ್‌ಸ್ಟಾರ್ ತಂಡ. ಸೇಂಟ್ ಲೂಯಿಸ್ ತಂಡದ ವಿನ್ಸ್ ಕೋಲ್ಮನ್ 1987ರಲ್ಲಿ 109 ಬೇಸ್ ಕದ್ದವನು, ಅಂದರೆ ಚೆಂಡು ಹೊಡೆಯುವ ಮೊದಲೇ ಮುಂದಿನ ಬೇಸ್‌ಗೆ ಓಡಿದವನು. ಆಟದಲ್ಲೂ ಅವನನ್ನು ಹಿಡಿಯಲು ಆಗುವುದಿಲ್ಲ. ನಾನೂ ತಮ್ಮನೂ ಅವನಿಗಾಗಿ ಜಗಳ ಆಡಿದ್ದೇವೆ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಟೆಂಗೆನ್ ಕಂಪನಿ ಇದನ್ನು 1988ರಲ್ಲಿ ಮೊದಲು ನಿಂಟೆಂಡೊ ಲೈಸೆನ್ಸ್ ಇಟ್ಟುಕೊಂಡು ಬೂದು ಕಾರ್ಟ್ರಿಜ್‌ನಲ್ಲಿ ತಂದಿತು. ಆಮೇಲೆ ಲೈಸೆನ್ಸ್ ಬಿಟ್ಟು ಕಪ್ಪು ಕಾರ್ಟ್ರಿಜ್‌ನಲ್ಲಿ ಮಾರಿತು. ‘ಬೂದು ಅಪರೂಪ ಸರ್’ ಅಂತ ಒಬ್ಬ ಮಾರುವವನು ನನ್ನಿಂದ 45 ಡಾಲರ್ ತಗೊಂಡ. ಕಪ್ಪು ಆಗ 12ಕ್ಕೆ ಸಿಗುತ್ತಿತ್ತು. ಆಟ ಒಂದೇ. ಮೂವತ್ತಮೂರು ಡಾಲರ್, ಬಣ್ಣಕ್ಕೆ!

ಮನೆಗೆ ತಂದು ಹಾಕಿದರೆ ಕೆಂಪು ದೀಪ ಮಿಣುಕುತ್ತದೆ. ಸೆಕೆಂಡಿಗೊಮ್ಮೆ ರೀಸೆಟ್. ಕನ್ಸೋಲಿನ ಲಾಕ್ ಚಿಪ್‌ಗೆ ಕಾರ್ಟ್ರಿಜ್‌ನ ಚಿಪ್‌ನಿಂದ ಸರಿಯಾದ ಉತ್ತರ ಬರದಿದ್ದರೆ ಹೀಗಾಗುತ್ತದೆ. ಕೊಳಕು ಪಿನ್ ಇದ್ದರೂ ಸಾಕು. ಹೊಸ ಕನೆಕ್ಟರ್ ಹಾಕಿದೆ. ಅದು ಕಾರ್ಟ್ರಿಜ್ ಕಚ್ಚಿ ಹಿಡಿದರೆ ಬಿಡುವುದೇ ಇಲ್ಲ, ಎಡಗೈಯಲ್ಲಿ ಕನ್ಸೋಲ್ ಒತ್ತಿ ಹಿಡಿದು ಬಲಗೈಯಲ್ಲಿ ಎಳೆಯಬೇಕು. ಅದನ್ನು ಎಸೆದೆ. ಹಳೆಯದನ್ನೇ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒಂದು ದಿನ ಒಣಗಿಸಿ ಹಾಕಿದೆ. ಕೊನೆಗೆ ಲಾಕ್ ಚಿಪ್ಪಿನ ನಾಲ್ಕನೇ ಕಾಲು ಕತ್ತರಿಸಿದೆ. ಆಮೇಲೆ ಒಂದು ದಿನವೂ ತೊಂದರೆ ಇಲ್ಲ.

ಸನಿವೇಲ್_ಮಂಡ್ಯ

ಓದಿದೆ ಸ್ವಾಮಿ. ಸೋಲ್ಡರಿಂಗ್ ಬೇಡ ಅನ್ನುವವರಿಗೆ ನೀವು ಚಿಪ್ ಕಾಲು ಕತ್ತರಿಸಿ ಅಂತ ಹೇಳುತ್ತಿದ್ದೀರಿ. ಒಂದು ಕಾಲು ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ?

ಡಲ್ಲಾಸ್_ದಾವಣಗೆರೆ

ಕತ್ತರಿಸಿ ಅಂತ ನಾನು ಹೇಳಲಿಲ್ಲ. ನಾನು ಕತ್ತರಿಸಿದೆ ಅಂದೆ.

ಕವಾಸಾಕಿ_ಹಾಸನ

ಇಬ್ಬರೂ ಒಂದು ವಿಷಯ ಮರೆತಿದ್ದೀರಿ. ಆರ್‌ಬಿಐ ಅನ್ನುವುದು ನ್ಯಾಮ್ಕೊ 1986ರಲ್ಲಿ ಜಪಾನಿನ ಫ್ಯಾಮಿಕಾಮ್‌ಗೆ (ಎನ್‌ಇಎಸ್‌ನ ಜಪಾನಿ ರೂಪ) ತಂದ ‘ಫ್ಯಾಮಿಲಿ ಸ್ಟೇಡಿಯಂ’ ಆಟದ್ದೇ ಅಮೆರಿಕನ್ ರೂಪ. ಅಲ್ಲಿನವರು ಅದನ್ನು ‘ಫ್ಯಾಮಿಸ್ಟಾ’ ಅನ್ನುತ್ತಾರೆ. ನಾನು ನಾಲ್ಕು ವರ್ಷ ಕವಾಸಾಕಿಯಲ್ಲಿದ್ದೆ. ಪಕ್ಕದ ಮನೆಯ ತಾತ ಭಾನುವಾರ ಕರೆದು ಆಡಿಸುತ್ತಿದ್ದರು. ನನಗೆ ಜಪಾನಿ ಬರುತ್ತಿರಲಿಲ್ಲ, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನ್ಯಾಮ್ಕೊ ತಂಡದಲ್ಲಿ ಪಿನೊ ಅಂತ ಒಬ್ಬ ಇದ್ದಾನೆ, ಮಿಂಚಿನ ಓಟ. ಅವನು ಬೇಸ್‌ಗೆ ಬಂದರೆ ತಾತ ಟೀ ಲೋಟ ಕೆಳಗಿಡುತ್ತಿದ್ದರು. ನಾವು ಹೊರಡುವಾಗ ತಮ್ಮ ಫ್ಯಾಮಿಕಾಮ್ ಅನ್ನೇ ನನಗೆ ಕೊಟ್ಟರು.

ಸಿಯಾಟಲ್‌ಗೆ ಬಂದ ಎರಡನೇ ವಾರ ಅದನ್ನು ಸುಟ್ಟೆ. ಎನ್‌ಇಎಸ್ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಫ್ಯಾಮಿಕಾಮ್‌ಗೆ ಬೇಕಾದದ್ದು ಡಿಸಿ. ಪ್ಲಗ್ ಸರಿಯಾಗಿ ಕೂರುತ್ತದೆ, ಅದೇ ಮೋಸ. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ. ವೋಲ್ಟೇಜ್ ಹಿಡಿತದಲ್ಲಿಡುವ ಒಳಗಿನ 7805 ರೆಗ್ಯುಲೇಟರ್, ಪಕ್ಕದ ಕೆಪಾಸಿಟರ್ ಎರಡೂ ಹೋಗಿದ್ದವು. ರಿಪೇರಿಗೆ 70 ಡಾಲರ್, ಆರು ವಾರ. ವಾಪಸ್ ಬಂದ ಮೇಲೂ ಚಿತ್ರ ಬರಲಿಲ್ಲ. ಅದು ಚಿತ್ರ ಕಳಿಸುವ ಜಪಾನಿನ ಒಂದು, ಎರಡನೇ ಟಿವಿ ಚಾನೆಲ್ ಇಲ್ಲಿ ಕೇಬಲ್‌ನ 95, 96ಕ್ಕೆ ಬರುತ್ತವೆ ಅಂತ ತಿಳಿಯಲು ಇನ್ನೊಂದು ವಾರ. ತಾತನಿಗೆ ಇದನ್ನು ಇನ್ನೂ ಹೇಳಿಲ್ಲ.

ಎಸ್‌ಪಿ_ರೋಡ್

ಅಡಾಪ್ಟರ್‌ಗೆ ಇಷ್ಟು ಕಥೆ ಯಾಕೆ? 90ರ ದಶಕದಲ್ಲಿ ಬೆಂಗಳೂರಿನಲ್ಲಿ ನಮ್ಮ ಮನೆಯ ಟಿವಿ ಗೇಮ್‌ಗೆ ಕೈಗೆ ಸಿಕ್ಕ ಅಡಾಪ್ಟರ್ ಹಾಕುತ್ತಿದ್ದೆವು, ಏನೂ ಆಗಲಿಲ್ಲ. ಕ್ಯಾಸೆಟ್ ಓಡದಿದ್ದರೆ ಊದಿ ಹಾಕುತ್ತಿದ್ದೆವು. ‘ನೂರಾರು ಆಟ’ದ ಕ್ಯಾಸೆಟ್‌ನಲ್ಲಿ ನಿಂಟೆಂಡೊದ 1983ರ ‘ಬೇಸ್‌ಬಾಲ್’ ಇರುತ್ತಿತ್ತು. ಅದರಲ್ಲಿ ಫೀಲ್ಡರ್‌ಗಳು ತಾವೇ ಓಡುತ್ತಾರೆ, ನಾವು ಎಸೆಯುವುದು ಮಾತ್ರ. ನಿಯಮ ಗೊತ್ತಿಲ್ಲದೆ ಅಣ್ಣನೂ ನಾನೂ ಇಡೀ ಬೇಸಿಗೆ ರಜೆ ಆಡಿದೆವು. ಚೆಂಡು ಹೊಡೆದು ಮೊದಲ ಬೇಸ್‌ಗೆ ಹೋಗಿ ವಾಪಸ್ ಬಂದರೆ ಒಂದು ರನ್ ಅಂದುಕೊಂಡಿದ್ದೆವು. ಬೇಸ್‌ಬಾಲ್ ಕಲಿಯಲು ಅದೇ ಸಾಕು.

ಕವಾಸಾಕಿ_ಹಾಸನ

ದಯವಿಟ್ಟು ಹಾಗೆ ಬರೆಯಬೇಡಿ, ಯಾರಾದರೂ ನಂಬುತ್ತಾರೆ. ಎನ್‌ಇಎಸ್ ಒಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇದೆ, ಅದಕ್ಕೆ ಎಸಿ, ಡಿಸಿ ಎರಡೂ ನಡೆಯುತ್ತದೆ. ಫ್ಯಾಮಿಕಾಮ್‌ನಲ್ಲಿ ಇಲ್ಲ. ಇನ್ನು ಊದುವುದು. ಉಸಿರಿನ ತೇವಕ್ಕೆ ತಾಮ್ರ ಕಪ್ಪಾಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ನನ್ನ ಕಾರ್ಟ್ರಿಜ್‌ನಿಂದ ಏಳು ಕಡ್ಡಿ ಕಪ್ಪು ಬಂತು.

ಎಸ್‌ಪಿ_ರೋಡ್

ನಮ್ಮ ಕ್ಯಾಸೆಟ್ ಇವತ್ತಿಗೂ ಓಡುತ್ತದೆ. ನಿಮ್ಮದು ಸುಟ್ಟಿತು.

ಡಲ್ಲಾಸ್_ದಾವಣಗೆರೆ

ಅದು ಕ್ಯಾಸೆಟ್ ಅಲ್ಲ, ಕಾರ್ಟ್ರಿಜ್. ಕ್ಯಾಸೆಟ್‌ನಲ್ಲಿ ಟೇಪ್ ಇರುತ್ತದೆ.

ಎಸ್‌ಪಿ_ರೋಡ್

ನಮ್ಮೂರಿನಲ್ಲಿ ಕ್ಯಾಸೆಟ್ ಅಂದೇ ಕೊಂಡಿದ್ದು, ಕ್ಯಾಸೆಟ್ ಅಂದೇ ಬಾಡಿಗೆಗೆ ತಂದಿದ್ದು. ನೀವು ದಾವಣಗೆರೆಯಲ್ಲಿ ಕಾರ್ಟ್ರಿಜ್ ಅಂತ ಕೇಳುತ್ತಿದ್ದಿರಾ?

ಫ್ರೀಮಾಂಟ್_ಪುತ್ತೂರು

ಟಿವಿ ಬಗ್ಗೆ ಯಾರೂ ಮಾತಾಡಿಲ್ಲ. ಮೊದಲು 55 ಇಂಚಿನ ಹಿಂದೆ ಹಳದಿ ಜ್ಯಾಕ್ ಇದೆಯಾ ನೋಡಿ. ಎನ್‌ಇಎಸ್‌ನಿಂದ ಬರುವುದು ಹಳದಿ ಮತ್ತು ಕೆಂಪು ವೈರ್. ಎಷ್ಟೋ ಹೊಸ ಟಿವಿಗಳಲ್ಲಿ ಅದು ಇರುವುದಿಲ್ಲ. ನಾನು 18 ಡಾಲರ್‌ನ ಅಗ್ಗದ ಎಚ್‌ಡಿಎಂಐ ಕನ್ವರ್ಟರ್ ಹಾಕಿದೆ. ಬಟನ್ ಒತ್ತಿದ ಮೇಲೆ ಬ್ಯಾಟ್ ತಿರುಗುವಷ್ಟರಲ್ಲಿ ಚೆಂಡು ಕ್ಯಾಚರ್ ಕೈಯಲ್ಲಿ. ಈ ಯಂತ್ರ ಸೆಕೆಂಡಿಗೆ 60 ಫ್ರೇಮ್ ಕಳಿಸುತ್ತದೆ, ನಾಲ್ಕೈದು ತಡವಾದರೂ ಬ್ಯಾಟಿಂಗ್ ಕೆಟ್ಟಿತು. ಆಟದಲ್ಲಿರುವ ಪಿಚರ್ ರೋಜರ್ ಕ್ಲೆಮೆನ್ಸ್ ಎಸೆತಕ್ಕೆ ಒಂದೂ ತಾಗಲಿಲ್ಲ. ಮಗ ಅತ್ತುಬಿಟ್ಟ.

ಆಮೇಲೆ ರಸ್ತೆ ಬದಿಯಲ್ಲಿ ‘ಫ್ರೀ’ ಚೀಟಿ ಅಂಟಿಸಿಟ್ಟ 27 ಇಂಚಿನ ಹಳೇ ಡಬ್ಬ ಟಿವಿ ಸಿಕ್ಕಿತು. ನಾನೊಬ್ಬನೇ ಎತ್ತಿದೆ. ಬೆನ್ನು ಹಿಡಿದು ಒಂಬತ್ತು ದಿನ ಕೆಲಸಕ್ಕೆ ಹೋಗಲಿಲ್ಲ. ಆದರೆ ಆ ಸಂಜೆ ಮಗ ಮೊದಲ ಹೋಮ್ ರನ್ ಹೊಡೆದ. ಮಲಗಿದಲ್ಲಿಂದಲೇ ನೋಡಿದೆ.

ಸನಿವೇಲ್_ಮಂಡ್ಯ

ಹತ್ತು ವರ್ಷದ ಹುಡುಗನ ಮನೆಗೆ ಅಷ್ಟು ಭಾರದ ಟಿವಿ ತರಿಸುತ್ತೀರಾ? ಟಿವಿಯಲ್ಲಿ ತಡ ಕಮ್ಮಿ ಮಾಡುವ ಗೇಮ್ ಮೋಡ್ ಹಾಕಿದರೆ ಆಯಿತಲ್ಲ. ನಾವು ಹಾಗೇ ಆಡುತ್ತೇವೆ.

ಫ್ರೀಮಾಂಟ್_ಪುತ್ತೂರು

ನಿಮ್ಮ ಆಟ ನಿಧಾನ ಮಾರಾಯ್ರೆ, ನಡೆಯುತ್ತದೆ. ಇದು ಆರ್‌ಬಿಐ.

ಸನಿವೇಲ್_ಮಂಡ್ಯ

ನಿಧಾನವಾ? ಒಂದು ಸೀಸನ್ ಪೂರ್ತಿ ಆಡಿ ಆಮೇಲೆ ಹೇಳಿ.

ಎಡಿಸನ್_ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಟಿವಿ ಹಿಂದೆ ನೋಡಿದೆ, ಹಳದಿ ಜ್ಯಾಕ್ ಇಲ್ಲ. ಕೋಚ್‌ಗೆ ವಿಷಯ ಹೇಳಿದೆ. ಅವರ ಗ್ಯಾರೇಜಿನಲ್ಲಿ 20 ಇಂಚಿನ ಹಳೇ ಟಿವಿ, ಇನ್ನೊಂದು ಎನ್‌ಇಎಸ್ ಇದೆಯಂತೆ. ಎಲ್ಲ ಸೇರಿ 90 ಡಾಲರ್‌ಗೆ ಕೊಡುತ್ತಾರೆ. ಶನಿವಾರ ತರುತ್ತೇವೆ, ಇಬ್ಬರು ಎತ್ತುತ್ತಾರೆ. ಆರ್‌ಬಿಐ ಕೂಡ ಅದರಲ್ಲೇ ಸೇರಿದೆ, ಬೂದು ಬಣ್ಣದ್ದು.

ಡಲ್ಲಾಸ್_ದಾವಣಗೆರೆ

ಬೂದು? 90ರಲ್ಲೇ ಸೇರಿದೆಯಾ? ಅಕ್ಕ, ಒಂದು ಫೋಟೊ ಹಾಕಿ.