ಅಪ್‌ಡೇಟ್: ನಮ್ಮ ಖಡಕ್ ರೊಟ್ಟಿ ಮಷಿನ್ ಸಾಲ ಮಂಜೂರಾಯಿತು

ನಾಲ್ಕು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ವಿಜಯಪುರದಲ್ಲಿ ನಾನು, ನಮ್ಮ ಅತ್ತಿಗೆ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ, ಮಷಿನ್ ಸಾಲಕ್ಕೆ ಬ್ಯಾಂಕಿನವರು ಮನೆಪತ್ರ ಅಡವಿಡಿ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಅಕ್ಕ, ಅಣ್ಣಂದಿರಿಗೆಲ್ಲ ತುಂಬಾ ಥ್ಯಾಂಕ್ಸ್.

ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ ಎಂದು ನೀವು ಹೇಳಿದ್ದಿರಿ. ಅದನ್ನೇ ಹೇಳಿದೆ. ಆ ಶಾಖೆ ಒಪ್ಪಲಿಲ್ಲ. ಬೇರೆ ಬ್ಯಾಂಕಿಗೆ ಹೋದೆವು, ಅಲ್ಲಿ ಆಯಿತು.

ಅರ್ಜಿ ಹಾಕಿದ್ದು ಪಿಎಂಎಫ್‌ಎಂಇ ಯೋಜನೆಯಲ್ಲೇ, ಅಂದರೆ ಆಹಾರ ತಯಾರಿಸುವ ಕಿರು ಉದ್ಯಮಗಳಿಗೆ ಇರುವ ಪ್ರಧಾನಮಂತ್ರಿ ಹೆಸರಿನ ಸಾಲ-ಸಹಾಯಧನ ಯೋಜನೆಯಲ್ಲಿ. ಯೋಜನೆಯ 35, ಅದರ ಮೇಲೆ ರಾಜ್ಯದ ಹೆಚ್ಚುವರಿ 15, ಒಟ್ಟು ಶೇ. 50 ಸಹಾಯಧನ ನಮಗೆ ಸಿಕ್ಕಿತು. ಆದರೆ ಗಮನಿಸಿ, ಆ ದುಡ್ಡು ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಇರುತ್ತದೆ, 3 ವರ್ಷ ಕಂತು ಸರಿಯಾಗಿ ಕಟ್ಟಿದರೆ ಸಾಲಕ್ಕೆ ವಜಾ ಆಗುತ್ತದೆ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯನ್ನು ಜಿಲ್ಲಾ ಸಂಪನ್ಮೂಲ ವ್ಯಕ್ತಿಯೇ (ಈ ಯೋಜನೆಯ ಅರ್ಜಿದಾರರಿಗೆ ನೆರವಾಗಲು ನೇಮಿಸಿದವರು) ಮಾಡಿಕೊಟ್ಟರು. ಅವರಿಗೆ ನಾವು ಒಂದು ರೂಪಾಯಿಯೂ ಕೊಡಬೇಕಿಲ್ಲ. ಸುಮ್ನೆ ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಮಷಿನ್ ಬಂದ ಮೊದಲ ವಾರ ರೊಟ್ಟಿ ಅಂಚು ಬಿರಿದು ಬಿರಿದು ಬಂತು. ಅತ್ತಿಗೆ ಹಿಟ್ಟು ಮುಟ್ಟಿ ನೋಡಿ, "ಇದ್ರಾಗ ಜಿಗುಟು ಇಲ್ಲ, ಹಳೇ ಹಿಟ್ಟು" ಅಂದರು. ಈಗ ಮಾಲದಂಡಿ ಜೋಳ ತಂದು, ಎರಡು ದಿನಕ್ಕೆ ಬೇಕಾಗುವಷ್ಟೇ ಬೀಸಿಸುತ್ತೇವೆ. ಕುದಿಯುವ ಎಸರು ಹಾಕಿ ನಾದಿದರೆ ಹಾಳೆಯಂತೆ ತೆಳ್ಳಗೆ ಬರುತ್ತದೆ. ಕೈರೊಟ್ಟಿಯನ್ನು ಪೂರ್ತಿ ಬಿಟ್ಟಿಲ್ಲ, ಅದನ್ನೇ ಕೇಳುವವರು ಜಾಸ್ತಿ ಇದ್ದಾರೆ.

ಓಣಿಯ ಇಬ್ಬರು ಹುಡುಗಿಯರು ಕೆಲಸಕ್ಕೆ ಬರುತ್ತಿದ್ದಾರೆ. ಅವರಲ್ಲಿ ಒಬ್ಬಳು ಪಿಯುಸಿ ಮುಗಿಸಿದವಳು, ಲೆಕ್ಕದ ಪುಸ್ತಕ ಅವಳದೇ. ಅತ್ತಿಗೆ ಹೆಸರಲ್ಲಿ ಇದುವರೆಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ಈಗ ಸಾಲದ ಪಾಸ್‌ಬುಕ್ ಮೇಲೆ ಮೊದಲ ಹೆಸರು ಅವರದು.