ಹಾರರ್ ಸಿನಿಮಾ ಮುಗಿದ ಮೇಲೆ ಶುರುವಾಗುವ ಜಗಳ: ನಿಮ್ಮಲ್ಲಿ ಹೇಗೆ?

ಡೊಂಬಿವಲಿಯಿಂದ ಪ್ರಶ್ನೆ: ನಮ್ಮ ಬಿಲ್ಡಿಂಗಿನ ಕನ್ನಡದ ಮನೆಯವರೆಲ್ಲ ಶನಿವಾರ ರಾತ್ರಿ ಸೇರಿ ಹಾರರ್ ಸಿನಿಮಾ ನೋಡುತ್ತೇವೆ. ಮುಗಿದ ಮೇಲೆ ಒಬ್ಬರು ಎಲ್ಲದಕ್ಕೂ ಲಾಜಿಕ್ ಕೇಳುತ್ತಾರೆ, ಇನ್ನೊಬ್ಬರು "ದೆವ್ವಕ್ಕೆ ಎಂಥ ಲಾಜಿಕ್" ಅಂತ ಬಾಯಿ ಮುಚ್ಚಿಸುತ್ತಾರೆ. ಮಾತು ಮುಗಿಯುವುದೇ ಇಲ್ಲ. ಏನು ಮಾಡೋಣ?

ಪುಣೆಯಿಂದ: ದೆವ್ವಕ್ಕೆ ಲಾಜಿಕ್ ಬೇಡ ಸರ್, ಆದರೆ ಸಿನಿಮಾ ತಾನೇ ಹಾಕಿಕೊಂಡ ನಿಯಮವನ್ನು ತಾನು ಪಾಲಿಸಬೇಕು, ಅಲ್ವಾ? ನಾವು ಇದೊಂದನ್ನೇ ಹಿಡಿದು ಮಾತಾಡುತ್ತೇವೆ. ಹಿಂದಿಯ 'ತುಂಬಾಡ್' (2018) ನೋಡುವಾಗ ನಮ್ಮಲ್ಲೊಬ್ಬರು ಅರ್ಧದಲ್ಲೇ ಶುರು ಮಾಡಿದರು: ಚಿನ್ನದ ನಾಣ್ಯ ಇಟ್ಟುಕೊಂಡ ಹಸ್ತರ್ ಎಂಬ ರಾಕ್ಷಸ ಹಿಟ್ಟಿನ ಗೊಂಬೆ ತಿಂದು ಮುಗಿಸುವುದರೊಳಗೆ ನಾಣ್ಯ ಬಾಚಬೇಕು ಅಂದರೆ, ಪುಣೆಯಿಂದ ಅಷ್ಟು ದೂರ ಹೋಗುವ ಮನುಷ್ಯ ಒಂದೇ ಗೊಂಬೆ ಯಾಕೆ ಒಯ್ಯಬೇಕು, ಹತ್ತು ಒಯ್ಯಲಿ! (ನೋಡದವರು ಮುಂದಿನ ಸಾಲು ಬಿಡಿ.) ಕೊನೆಯಲ್ಲಿ ಮಗ ಅದೇ ಉಪಾಯ ಹೇಳುತ್ತಾನೆ, ಗೊಂಬೆ ಎಷ್ಟೋ ಹಸ್ತರ್‌ಗಳೂ ಅಷ್ಟು ಬರುತ್ತಾರೆ. ನಾವು ತಪ್ಪು ಅಂದುಕೊಂಡಿದ್ದೇ ಕತೆಯ ಕೀಲಿ. ಅಂದಿನಿಂದ ಸಿನಿಮಾ ಮುಗಿದು ತೆರೆ ಮೇಲೆ ಹೆಸರುಗಳು ಬರುವ ತನಕ ಯಾರೂ ಪ್ರಶ್ನೆ ಕೇಳುವಂತಿಲ್ಲ.

ಅಂಧೇರಿಯಿಂದ: ಒಂದೇ ಸಿನಿಮಾ ಆದರೆ ಸರಿ. ಸೀಕ್ವೆಲ್ ಬಂದರೆ? 2007ರ ಹಿಂದಿ 'ಭೂಲ್ ಭುಲೈಯಾ' ಮಂಜುಲಿಕಾ ಎಂಬ ದೆವ್ವ ಇಲ್ಲ, ಮನಸ್ಸಿನ ಕಾಯಿಲೆ ಅಂತ ಮುಗಿಯುತ್ತದೆ. 2022ರ ಎರಡನೆಯದರಲ್ಲಿ ಅದೇ ಮಂಜುಲಿಕಾ ಹೆಸರಿಟ್ಟುಕೊಂಡು ನಿಜವಾದ ದೆವ್ವವನ್ನೇ ತಂದರು! ನಮ್ಮ ಯಜಮಾನರು "ಅದು ಬೇರೆ ಕತೆ" ಅನ್ನುತ್ತಾರೆ. ಬೇರೆ ಕತೆಯಾದರೆ ಅದೇ ಹೆಸರು, ಅದೇ ಬಂಗಾಳಿ ಹಾಡು ಯಾಕೆ ಬೇಕಿತ್ತು ಮಾರಾಯ್ರೆ? ನಾನಂತೂ ಒಪ್ಪುವುದಿಲ್ಲ. ಈಗ ಎರಡನೇ ಭಾಗ ಹಾಕುವ ಮೊದಲು, ಮೊದಲನೆಯದು ಏನು ಹೇಳಿ ಮುಗಿಸಿತ್ತು ಅಂತ ಒಬ್ಬರು ಎಲ್ಲರ ಮುಂದೆ ಹೇಳಬೇಕು. ಅರ್ಧ ಜಗಳ ಅಲ್ಲೇ ಕಡಿಮೆ.

ವಾಸ್ಕೋದಿಂದ: 'ಭೂಲ್ ಭುಲೈಯಾ'ದ ಕತೆಯೇ ಇರುವ ಕನ್ನಡದ 'ಆಪ್ತಮಿತ್ರ'ದ (2004) ಹಾವನ್ನು ಯಾಕೆ ಬಿಟ್ಟಿರಿ? ಮಲಯಾಳಂ ಮೂಲ 'ಮಣಿಚಿತ್ರತಾಳ್'ನಲ್ಲಿ (1993) ಹಾವೇ ಇಲ್ಲ. ಕನ್ನಡಕ್ಕೆ ಬರುವಾಗ ಸೇರಿಕೊಂಡಿತು, ಮರುವರ್ಷ ತಮಿಳಿನ 'ಚಂದ್ರಮುಖಿ'ಗೂ ಹೋಯಿತು. ಕತೆಯ ಗಂಗಾಳ ಮನಸ್ಸಿನ ಕಾಯಿಲೆಗೂ ಆ ಹಾವಿಗೂ ಏನು ಸಂಬಂಧ? ಸುಮ್ನೆ ಹೆದರಿಸಲು ಇಟ್ಟದ್ದು ಅಂತ ನನ್ನ ಲೆಕ್ಕ. ಇಂಥದ್ದಕ್ಕೆಲ್ಲ ಉತ್ತರ ಹುಡುಕುತ್ತಾ ಕೂತರೆ ಬೆಳಗಾಗುತ್ತದೆ. ನಗಾಡಿ ಬಿಡಿ. ಇನ್ನೊಂದು, ಊಟವನ್ನು ಸಿನಿಮಾಗೆ ಮೊದಲು ಮುಗಿಸಬೇಡಿ, ಆಮೇಲೆ ಬಡಿಸಿ. ಬಾಯಿಗೆ ಕೆಲಸ ಇದ್ದರೆ ವಾದ ತಾನಾಗಿಯೇ ಚಿಕ್ಕದಾಗುತ್ತದೆ.